1939ರ ನ್ಯೂಯಾರ್ಕ್ ಯಾಂಕೀಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಯುರೋಪಿನಲ್ಲಿ ಎರಡನೇ ಮಹಾಯುದ್ಧ ಶುರುವಾದ ವರ್ಷ ಅಮೆರಿಕದಲ್ಲಿ ಒಂದು ಬೇಸ್‌ಬಾಲ್ ತಂಡ 106 ಆಟ ಗೆದ್ದಿತು. ಆ ತಂಡದ ನಾಯಕ ಲೂ ಗೆರಿಗ್ ಆಡಿದ್ದು ಬರೀ 8 ಆಟ. ಇವತ್ತಿಗೂ ಜನ ನೆನೆಯುವುದು ಆ 8 ಆಟದವರನ್ನೇ. ಗೆದ್ದ ತಂಡದ ಕಥೆ, ಹೊರಗೆ ಕುಳಿತ ನಾಯಕನ ಕಥೆ ಎರಡನ್ನೂ ಒಟ್ಟಿಗೆ ಹೇಳಬೇಕು ಅನ್ನುವುದು ನನ್ನ ಆಸೆ. ಒಂದನ್ನು ಬಿಟ್ಟರೆ ಇನ್ನೊಂದು ಸರಿಯಾಗಿ ಅರ್ಥವಾಗುವುದಿಲ್ಲ.

ನನಗೆ ಬೇಸ್‌ಬಾಲ್ ಗೊತ್ತೇ ಇಲ್ಲ. ಇದನ್ನು ಓದಲು ಎಷ್ಟು ತಿಳಿದಿರಬೇಕು?

ಕ್ರಿಕೆಟ್ ಗೊತ್ತಿದ್ದರೆ ಸಾಕು. ಚೆಂಡು ಎಸೆಯುವವರು ಪಿಚರ್. ಬ್ಯಾಟ್ಸ್‌ಮನ್ ಹಿಂದೆ ಕುಕ್ಕರಗಾಲಲ್ಲಿ ಕುಳಿತು ಹಿಡಿಯುವವರು ಕ್ಯಾಚರ್, ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ. ಚೆಂಡನ್ನು ಬೇಲಿ ದಾಟಿಸಿದರೆ ಹೋಮ್ ರನ್. ಮೈದಾನದ ನಾಲ್ಕು ಮೂಲೆಯಲ್ಲಿ ನಾಲ್ಕು ಬೇಸ್ ಇರುತ್ತವೆ, ಅಷ್ಟನ್ನೂ ಸುತ್ತಿ ಬಂದರೆ ಒಂದು ರನ್. ಒಂದು ಆಟಕ್ಕೆ 9 ಇನಿಂಗ್ಸ್.

ಸರಾಸರಿಯ ಲೆಕ್ಕ ಮಾತ್ರ ಬೇರೆ. .300 ಅಂದರೆ 10 ಸಲ ಬ್ಯಾಟ್ ಹಿಡಿದಾಗ 3 ಸಲ ಹಿಟ್ ಸಿಕ್ಕಿದೆ ಎಂದು. ಉಳಿದ 7 ಸಲ ಔಟ್! ಅಷ್ಟಾದರೂ ಅವರು ಒಳ್ಳೆಯ ಬ್ಯಾಟ್ಸ್‌ಮನ್. ಇಡೀ ಸೀಸನ್ .400 ಕಾಯ್ದುಕೊಂಡವರು ತೀರಾ ಕಡಿಮೆ. ಈ ಆಟದಲ್ಲಿ ಸೋಲು ಎಷ್ಟು ಮಾಮೂಲಿ ಅನ್ನುವುದು ಇದರಿಂದಲೇ ತಿಳಿಯುತ್ತದೆ ಅಲ್ವಾ?

ಆಗ ಲೀಗ್ ಹೇಗಿತ್ತು?

ಎರಡು ಲೀಗ್, ಒಂದೊಂದರಲ್ಲಿ 8 ತಂಡ. ಯಾಂಕೀಸ್ ಇದ್ದದ್ದು ಅಮೆರಿಕನ್ ಲೀಗ್‌ನಲ್ಲಿ. ಒಂದು ಸೀಸನ್‌ಗೆ 154 ಆಟದ ವೇಳಾಪಟ್ಟಿ. ಪ್ಲೇ ಆಫ್ ಗೊಡವೆ ಇರಲಿಲ್ಲ. ಐದಾರು ತಿಂಗಳು ಆಡಿ ಪಟ್ಟಿಯ ಮೇಲಿದ್ದವರು ನೇರವಾಗಿ ಇನ್ನೊಂದು ಲೀಗ್ ಗೆದ್ದವರ ಜೊತೆ ವರ್ಲ್ಡ್ ಸೀರೀಸ್ ಆಡುತ್ತಿದ್ದರು. ಓಡಾಟವೆಲ್ಲ ರೈಲಿನಲ್ಲಿ. ಪಶ್ಚಿಮದ ಕಡೆ ಕೊನೆಯ ಊರು ಅಂದರೆ ಸೇಂಟ್ ಲೂಯಿಸ್. ಅಲ್ಲಿಂದಾಚೆಗೆ ದೊಡ್ಡ ಲೀಗಿನ ತಂಡವೇ ಇರಲಿಲ್ಲ.

1939ಕ್ಕೆ ಮೊದಲು ಯಾಂಕೀಸ್ ಯಾವ ಸ್ಥಿತಿಯಲ್ಲಿತ್ತು?

1936, 1937, 1938 ಮೂರೂ ವರ್ಷ ವರ್ಲ್ಡ್ ಸೀರೀಸ್ ಗೆದ್ದಿತ್ತು. ಮ್ಯಾನೇಜರ್, ಅಂದರೆ ನಮ್ಮ ಕೋಚ್ ಇದ್ದ ಹಾಗೆ, ಜೋ ಮೆಕಾರ್ಥಿ. ಹೋಮ್ ರನ್‌ಗಳಿಗೇ ಹೆಸರಾದ ಬೇಬ್ ರೂತ್ 1934ರ ಸೀಸನ್ ಮುಗಿಸಿ ತಂಡ ಬಿಟ್ಟು ಹೋಗಿದ್ದರು. ಮಾಲೀಕ ಜೇಕಬ್ ರಪ್ಪರ್ಟ್ ಬಿಯರ್ ಕಂಪನಿ ನಡೆಸುತ್ತಿದ್ದವರು. 1939ರ ಜನವರಿಯಲ್ಲಿ ಅವರು ತೀರಿಕೊಂಡರು. ಅಂದರೆ ಸೀಸನ್ ಶುರುವಾಗುವ ಮೊದಲೇ ತಂಡ ತನ್ನ ಯಜಮಾನರನ್ನು ಕಳೆದುಕೊಂಡಿತ್ತು.

ಲೂ ಗೆರಿಗ್ ಯಾರು? 2,130 ಅಂದರೆ ಏನು?

ಜರ್ಮನಿಯಿಂದ ಬಂದ ಬಡ ಕುಟುಂಬದ ಮಗ. 1903ರ ಜೂನ್ 19ರಂದು ನ್ಯೂಯಾರ್ಕಿನಲ್ಲೇ ಹುಟ್ಟಿದವರು. ತಂದೆ ತಾಯಿಗೆ ನಾಲ್ಕು ಮಕ್ಕಳು, ಉಳಿದದ್ದು ಇವರೊಬ್ಬರೇ. ತಾಯಿ ಕ್ರಿಸ್ಟಿನಾ ಕೊಲಂಬಿಯಾ ವಿಶ್ವವಿದ್ಯಾಲಯದ ಹುಡುಗರಿದ್ದ ಒಂದು ಮನೆಯಲ್ಲಿ ಅಡುಗೆ, ಕಸಮುಸುರೆ ಮಾಡಿ ಮಗನನ್ನು ಬೆಳೆಸಿದರು. ಮುಂದೆ ಮಗ ಅದೇ ಕೊಲಂಬಿಯಾದಲ್ಲಿ ಓದಿದರು. ಓದು ಅರ್ಧಕ್ಕೆ ಬಿಟ್ಟು ಯಾಂಕೀಸ್ ಸೇರಿದರು.

1925ರ ಜೂನ್ 1ರಂದು ಯಾರದೋ ಬದಲಿಗೆ ಒಂದು ಸಲ ಬ್ಯಾಟ್ ಹಿಡಿದರು. ಮರುದಿನ ವಾಲಿ ಪಿಪ್ ಎಂಬ ಹಿರಿಯ ಆಟಗಾರನ ಜಾಗದಲ್ಲಿ ಫಸ್ಟ್ ಬೇಸ್ ಕಾಯಲು ನಿಂತರು. ಅಲ್ಲಿಂದ 1939ರ ಏಪ್ರಿಲ್ 30ರವರೆಗೆ ಒಂದೇ ಒಂದು ಆಟ ತಪ್ಪಿಸಲಿಲ್ಲ. ಸತತ 2,130 ಆಟ! ಕ್ರಿಕೆಟ್‌ನಲ್ಲಿ ಅಲಸ್ಟೇರ್ ಕುಕ್ ಸತತ 159 ಟೆಸ್ಟ್ ಆಡಿದ್ದಾರೆ. ಎರಡನ್ನೂ ಪಕ್ಕದಲ್ಲಿಟ್ಟು ತೂಗಲು ಬರುವುದಿಲ್ಲ, ಆದರೂ ಹಟ ಎಂಥದ್ದು ಅಂತ ಅಂದಾಜು ಸಿಗುತ್ತದೆ. ಬೆರಳು ಮುರಿದರೂ ಸೊಂಟ ಹಿಡಿದರೂ ಮೈದಾನಕ್ಕೆ ಇಳಿದರು.

ಸುಮ್ನೆ ಹಾಜರಿ ಹಾಕಿದವರಲ್ಲ ಇವರು. 1934ರಲ್ಲಿ .363 ಸರಾಸರಿ, 49 ಹೋಮ್ ರನ್. ತಮ್ಮ ಹಿಟ್‌ಗಳಿಂದ 165 ರನ್ ತಂದುಕೊಟ್ಟರು. ಮೂರರಲ್ಲೂ ಲೀಗಿಗೇ ಮೊದಲು.

1939ರ ಏಪ್ರಿಲ್‌ನಲ್ಲಿ ಏನಾಯಿತು?

ಕುರುಹು 1938ರಲ್ಲೇ ಕಂಡಿತ್ತು. ಆ ವರ್ಷ ಸರಾಸರಿ .295ಕ್ಕೆ ಇಳಿದಿತ್ತು. ಬೇರೆ ಯಾರಿಗಾದರೂ ಅದು ಚೆನ್ನಾಗಿಯೇ ಆಡಿದ ವರ್ಷ. ಗೆರಿಗ್‌ಗೆ ಅಲ್ಲ. ವಯಸ್ಸು 35 ಆಯಿತು, ಅದಕ್ಕೇ ಹೀಗೆ ಎಂದು ಎಲ್ಲರೂ ಅಂದುಕೊಂಡರು.

1939ರ ವಸಂತದಲ್ಲಿ ಫ್ಲೋರಿಡಾದ ತರಬೇತಿಗೆ ಬಂದಾಗ ಮಾತ್ರ ನೋಡಿದವರಿಗೆ ಸಂಕಟವಾಯಿತು. ಓಡಿದರೆ ಕಾಲು ಮುಂದೆ ಹೋಗುತ್ತಿರಲಿಲ್ಲ. ಬ್ಯಾಟಿನ ಸರಿಯಾದ ಜಾಗಕ್ಕೇ ಚೆಂಡು ಬಡಿದರೂ ದೂರ ಹೋಗುತ್ತಿರಲಿಲ್ಲ. ಬಟ್ಟೆ ಹಾಕಿಕೊಳ್ಳುವಾಗ ಆಯ ತಪ್ಪಿ ಬಿದ್ದದ್ದೂ ಉಂಟು. ಜೊತೆಯವರು ನೋಡಿಯೂ ನೋಡದವರ ಹಾಗೆ ಇದ್ದರು.

ಸೀಸನ್ ಶುರುವಾಯಿತು. 8 ಆಟ, 28 ಸಲ ಬ್ಯಾಟಿಂಗ್, 4 ಹಿಟ್. ಸರಾಸರಿ .143. ಒಂದೂ ಹೋಮ್ ರನ್ ಇಲ್ಲ.

ಆ ದಿನಗಳ ಒಂದು ಸಣ್ಣ ಘಟನೆ ನನ್ನನ್ನು ತುಂಬಾ ಕಾಡುತ್ತದೆ. ಒಂದು ಚೆಂಡು ಫಸ್ಟ್ ಬೇಸ್ ಕಡೆ ಉರುಳಿ ಬಂತು. ಗೆರಿಗ್ ಅದನ್ನು ಹಿಡಿದು, ಓಡಿ ಬಂದ ಪಿಚರ್ ಜಾನಿ ಮರ್ಫಿ ಕೈಗೆ ಎಸೆದರು. ಶಾಲೆ ಹುಡುಗನೂ ಮಾಡುವ ಕೆಲಸ. ಆದರೆ ಜೊತೆಯ ಆಟಗಾರರು ಬಂದು ಬೆನ್ನು ತಟ್ಟಿದರು, ಭಲೇ ಅಂದರು. ಇಷ್ಟು ಸುಲಭದ ಕೆಲಸಕ್ಕೂ ನನ್ನನ್ನು ಹೊಗಳುವ ಹಾಗಾಯಿತಲ್ಲ ಎಂದು ಗೆರಿಗ್‌ಗೆ ಅಲ್ಲೇ ಮನಸ್ಸಿಗೆ ನಾಟಿತು. ಅವರು ಪ್ರೀತಿಯಿಂದಲೇ ತಟ್ಟಿದ್ದು. ಆ ಪ್ರೀತಿಯೇ ಅವರಿಗೆ ಎಲ್ಲ ಹೇಳಿಬಿಟ್ಟಿತು.

ಮೇ 2ರಂದು ಡೆಟ್ರಾಯಿಟ್‌ನಲ್ಲಿ ನಡೆದದ್ದೇನು?

ತಂಡ ಡೆಟ್ರಾಯಿಟ್‌ಗೆ ಬಂದಿತ್ತು. ಗೆರಿಗ್ ತಾವಾಗಿಯೇ ಮೆಕಾರ್ಥಿ ಹತ್ತಿರ ಹೋಗಿ, ಇವತ್ತು ನಾನು ಆಡುವುದಿಲ್ಲ, ತಂಡಕ್ಕೆ ಇದೇ ಒಳ್ಳೆಯದು ಅಂದರು. ಮೆಕಾರ್ಥಿ ಅವರನ್ನು ಎಂದೂ ಕೈಬಿಟ್ಟವರಲ್ಲ. ಗೆರಿಗ್ ಬಾಯಿಂದ ಆ ಮಾತು ಬರುವವರೆಗೆ ಅವರ ಹೆಸರನ್ನು ಪಟ್ಟಿಯಿಂದ ತೆಗೆದಿರಲಿಲ್ಲ.

ನಾಯಕನಾದ್ದರಿಂದ ಆಟಗಾರರ ಪಟ್ಟಿಯನ್ನು ಅಂಪೈರ್ ಕೈಗೆ ಕೊಡುವುದು ಗೆರಿಗ್ ಕೆಲಸ. ಅವತ್ತೂ ಅವರೇ ತೆಗೆದುಕೊಂಡು ಹೋದರು. 14 ವರ್ಷದಲ್ಲಿ ಮೊದಲ ಸಲ ಅದರಲ್ಲಿ ಅವರ ಹೆಸರಿರಲಿಲ್ಲ. ಧ್ವನಿವರ್ಧಕದಲ್ಲಿ ವಿಷಯ ಹೇಳಿದಾಗ ಎದುರಾಳಿ ಊರಿನ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗೆರಿಗ್ ಟೋಪಿ ಮುಟ್ಟಿ ವಂದಿಸಿ, ಬಂದು ಬೆಂಚಿನ ಮೇಲೆ ಕುಳಿತರು. ಕಣ್ಣಲ್ಲಿ ನೀರು.

ಆವತ್ತು ಸ್ಟ್ಯಾಂಡಿನಲ್ಲಿ ಕುಳಿತು ನೋಡುತ್ತಿದ್ದವರಲ್ಲಿ ವಾಲಿ ಪಿಪ್ ಕೂಡ ಇದ್ದರು. 1925ರಲ್ಲಿ ಯಾರ ಜಾಗಕ್ಕೆ ಗೆರಿಗ್ ಬಂದಿದ್ದರೋ ಅದೇ ಪಿಪ್. ಅವರು ಡೆಟ್ರಾಯಿಟ್ ಇರುವ ಮಿಶಿಗನ್ ರಾಜ್ಯದವರೇ, ಆಟ ನೋಡಲು ಬಂದಿದ್ದರು.

ಯಾಂಕೀಸ್ 22-2ರಿಂದ ಗೆದ್ದಿತು.

ಗೆರಿಗ್ ಜಾಗಕ್ಕೆ ಬಂದವರು ಯಾರು?

ಬೇಬ್ ಡಾಲ್‌ಗ್ರೆನ್. ಫೀಲ್ಡಿಂಗ್‌ನಲ್ಲಿ ಬಹಳ ಚುರುಕು, ಬ್ಯಾಟಿಂಗ್ ಸಾಧಾರಣ. ಆ ಮೊದಲ ದಿನ ಮಾತ್ರ ಹೋಮ್ ರನ್ ಹೊಡೆದರು. ಆಟ ಕೈಗೆ ಬಂದ ಮೇಲೆ ಗೆರಿಗ್ ಹತ್ತಿರ ಹೋಗಿ, ಈಗಲಾದರೂ ಇಳಿಯಿರಿ, ದಾಖಲೆ ಉಳಿಯುತ್ತದೆ ಎಂದು ಕೇಳಿಕೊಂಡರು. ನೀವೆಲ್ಲ ಚೆನ್ನಾಗಿ ಆಡುತ್ತಿದ್ದೀರಿ ಎಂದು ಗೆರಿಗ್ ಅವರನ್ನು ಕಳಿಸಿದರು. ಡಾಲ್‌ಗ್ರೆನ್ ಬಗ್ಗೆ ನನಗೆ ತುಂಬಾ ಗೌರವ. ಅಂಥವರ ಜಾಗದಲ್ಲಿ ನಿಲ್ಲುವುದು ಎಷ್ಟು ಕಷ್ಟ, ಯೋಚಿಸಿ ನೋಡಿ.

ಗೆರಿಗ್‌ಗೆ ಆಗಿದ್ದ ಕಾಯಿಲೆ ಯಾವುದು?

ಜೂನ್‌ನಲ್ಲಿ ಅವರು ಮಿನೆಸೋಟದ ಮೇಯೊ ಕ್ಲಿನಿಕ್‌ಗೆ ಹೋದರು. ಜೂನ್ 19ರಂದು ಫಲಿತಾಂಶ ತಿಳಿಯಿತು. ಅಂದು ಅವರ 36ನೇ ಹುಟ್ಟುಹಬ್ಬ. ಕಾಯಿಲೆಯ ಹೆಸರು ಎಎಲ್‌ಎಸ್. ಸ್ನಾಯುಗಳಿಗೆ ಕೆಲಸ ಹೇಳುವ ನರಕೋಶಗಳು ಒಂದೊಂದಾಗಿ ಸಾಯುತ್ತಾ ಹೋಗುತ್ತವೆ. ಕೈಕಾಲು ಸೋಲುತ್ತವೆ, ಮಾತು ತೊದಲುತ್ತದೆ, ನುಂಗಲು ಕಷ್ಟವಾಗುತ್ತದೆ, ಕೊನೆಗೆ ಉಸಿರಾಟಕ್ಕೇ ಬರುತ್ತದೆ. ಬುದ್ಧಿ ಹೆಚ್ಚಿನವರಲ್ಲಿ ಚುರುಕಾಗಿಯೇ ಇರುತ್ತದೆ, ಅದೇ ದೊಡ್ಡ ಸಂಕಟ. ಇವತ್ತಿಗೂ ಇದನ್ನು ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ. ಅಮೆರಿಕದಲ್ಲಿ ಜನ ಇದನ್ನು ಲೂ ಗೆರಿಗ್ ಕಾಯಿಲೆ ಅಂತಲೇ ಕರೆಯುತ್ತಾರೆ. ನಮ್ಮಲ್ಲಿ ಮೋಟಾರ್ ನ್ಯೂರಾನ್ ಕಾಯಿಲೆ ಅನ್ನುವ ಹೆಸರು ಜಾಸ್ತಿ ಕೇಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ರೋಗಿಗಳನ್ನು ನೋಡುತ್ತಾರೆ.

ಜುಲೈ 4ರ ಭಾಷಣ ಅಷ್ಟೊಂದು ಪ್ರಸಿದ್ಧ ಯಾಕೆ?

ಅಮೆರಿಕದ ಸ್ವಾತಂತ್ರ್ಯ ದಿನ. ಯಾಂಕೀ ಸ್ಟೇಡಿಯಂನಲ್ಲಿ ವಾಷಿಂಗ್ಟನ್ ವಿರುದ್ಧ ಒಂದೇ ದಿನ ಎರಡು ಆಟ. ಬಂದಿದ್ದ ಜನ 61,808. ಎರಡು ಆಟದ ನಡುವೆ ಗೆರಿಗ್‌ಗೆ ಸನ್ಮಾನ. 1927ರ ತಂಡದ ಹಳೆಯ ಗೆಳೆಯರು ಬಂದಿದ್ದರು. ಬೇಬ್ ರೂತ್ ಕೂಡ ಬಂದಿದ್ದರು. ಅವರಿಬ್ಬರ ನಡುವೆ ಕೆಲವು ವರ್ಷದಿಂದ ಮಾತೇ ಇರಲಿಲ್ಲ.

ಉಡುಗೊರೆಗಳನ್ನು ಒಂದೊಂದಾಗಿ ಕೊಟ್ಟರು. ಕೈಗೆ ಬಂದದ್ದನ್ನು ಗೆರಿಗ್ ಹಾಗೇ ನೆಲಕ್ಕೆ ಇಡುತ್ತಿದ್ದರು. ಹಿಡಿದು ನಿಲ್ಲುವ ಶಕ್ತಿ ಆ ತೋಳಿಗೆ ಇರಲಿಲ್ಲ. ಹೋದ ವರ್ಷ 29 ಹೋಮ್ ರನ್ ಹೊಡೆದ ತೋಳು ಅದು. ಲೂ ಬೀಳುವ ಹಾಗೆ ಕಂಡರೆ ಹಿಡಿದುಕೋ ಎಂದು ಮೆಕಾರ್ಥಿ ಡಾಲ್‌ಗ್ರೆನ್‌ಗೆ ಮೊದಲೇ ಹೇಳಿಟ್ಟಿದ್ದರು.

ಮೊದಲು ಮಾತಾಡಲು ಆಗುವುದಿಲ್ಲ ಎಂದರು. ಜನ ಬಿಡಲಿಲ್ಲ. ಮೆಕಾರ್ಥಿ ಕಿವಿಯಲ್ಲಿ ಏನೋ ಹೇಳಿದರು. ಗೆರಿಗ್ ಮೈಕಿನ ಮುಂದೆ ಬಂದು, ಕೈಯಲ್ಲಿ ಚೀಟಿಯೂ ಇಲ್ಲದೆ ಮಾತಾಡಿದರು. ನನಗೆ ಕೆಟ್ಟ ಕಾಲ ಬಂದಿದೆ ಎಂದು ನೀವು ಓದಿದ್ದೀರಿ, ಆದರೆ ಇವತ್ತು ಈ ಭೂಮಿಯ ಮೇಲೆ ನನ್ನಷ್ಟು ಅದೃಷ್ಟವಂತ ಯಾರೂ ಇಲ್ಲ ಅನ್ನುವ ಅರ್ಥದ ಮಾತು. ಆಮೇಲೆ ಒಬ್ಬೊಬ್ಬರನ್ನೇ ನೆನೆದರು. ತೀರಿಹೋದ ಮಾಲೀಕರು, ಮ್ಯಾನೇಜರುಗಳು, ಎದುರಾಳಿ ತಂಡದವರು, ಮೈದಾನ ನೋಡಿಕೊಳ್ಳುವ ಕೆಲಸದವರು, ಅತ್ತೆ, ದುಡಿದು ಓದಿಸಿದ ತಂದೆ ತಾಯಿ, ಧೈರ್ಯ ತುಂಬಿದ ಹೆಂಡತಿ.

ನನಗೆ ಮುಖ್ಯ ಅನ್ನಿಸುವುದು ಆ ಪಟ್ಟಿ. ಅದೃಷ್ಟವಂತ ಅನ್ನುವ ಒಂದು ಮಾತನ್ನಷ್ಟೇ ಎಲ್ಲರೂ ಎತ್ತಿ ಹೇಳುತ್ತಾರೆ. ಅದೃಷ್ಟ ಅಂದರೆ ಏನು ಅನ್ನುವುದಕ್ಕೆ ಅವರು ಕೊಟ್ಟ ಉತ್ತರ ಆ ಜನರ ಹೆಸರುಗಳಲ್ಲಿದೆ.

ಮಾತು ಮುಗಿದಾಗ ರೂತ್ ಬಂದು ತಬ್ಬಿಕೊಂಡರು.

ಗೆರಿಗ್ ಇಲ್ಲದೆ ತಂಡ ಹೇಗೆ ಅಷ್ಟು ಗೆದ್ದಿತು?

ಬ್ಯಾಟಿಂಗ್ ಒಬ್ಬರ ಮೇಲೆ ನಿಂತಿರಲಿಲ್ಲ. ಜೋ ಡಿಮ್ಯಾಜಿಯೊ 30 ಹೋಮ್ ರನ್, ಜೋ ಗಾರ್ಡನ್ 28, ಕ್ಯಾಚರ್ ಬಿಲ್ ಡಿಕಿ 24, ಜಾರ್ಜ್ ಸೆಲ್ಕರ್ಕ್ 21. ನಾಲ್ವರೂ ನೂರಕ್ಕಿಂತ ಜಾಸ್ತಿ ರನ್ ತಂದುಕೊಟ್ಟರು. ರೆಡ್ ರಾಲ್ಫ್ 213 ಹಿಟ್ ಹೊಡೆದು 139 ರನ್ ಗಳಿಸಿದರು. ಹೊಸ ಹುಡುಗ ಚಾರ್ಲಿ ಕೆಲ್ಲರ್ ಮೊದಲ ವರ್ಷವೇ .334. ಪಿಚರ್‌ಗಳಲ್ಲಿ ರೆಡ್ ರಫಿಂಗ್ 21 ಗೆಲುವು. ಉಳಿದದ್ದನ್ನು ಆರೇಳು ಜನ ಹಂಚಿಕೊಂಡರು. ಅಟ್ಲಿ ಡೊನಾಲ್ಡ್ ಎಂಬ ಹೊಸಬ ಸತತ 12 ಗೆದ್ದರು.

ಒಟ್ಟು ಲೆಕ್ಕ ಹೀಗೆ: ಗೆಲುವು 106, ಸೋಲು 45. ಗಳಿಸಿದ ರನ್ 967, ಕೊಟ್ಟದ್ದು 556. ಅಂತರ 411. ಸರಾಸರಿ ನೋಡಿದರೆ ಪ್ರತಿ ಆಟದಲ್ಲೂ ಎರಡೂವರೆ ರನ್‌ಗಿಂತ ಜಾಸ್ತಿ ಮುಂದೆ. ಎರಡನೇ ಸ್ಥಾನದ ಬಾಸ್ಟನ್ ರೆಡ್ ಸಾಕ್ಸ್ 17 ಆಟ ಹಿಂದೆ. ಇನ್ನೊಂದು ವಿಶೇಷ, ಸ್ವಂತ ಊರಿಗಿಂತ ಹೊರಗೇ ಇವರು ಚೆನ್ನಾಗಿ ಆಡಿದರು. ಮನೆಯಲ್ಲಿ 52 ಗೆಲುವು 25 ಸೋಲು, ಹೊರಗೆ 54 ಗೆಲುವು ಬರೀ 20 ಸೋಲು.

ಜೂನ್ 28ರಂದು ಫಿಲಡೆಲ್ಫಿಯಾದಲ್ಲಿ ಒಂದೇ ದಿನದ ಎರಡು ಆಟದಲ್ಲಿ 13 ಹೋಮ್ ರನ್ ಹೊಡೆದರು. 23-2 ಮತ್ತು 10-0. ನಾಯಕನ ಕಾಯಿಲೆಯ ಸುದ್ದಿ ಕೇಳಿ ಒಂದು ವಾರ ಆಗಿತ್ತಷ್ಟೆ.

ಎಡವಲೇ ಇಲ್ಲವೇ?

ಎಡವಿದರು. ಜುಲೈ 7ರಿಂದ 9ರವರೆಗೆ ಬಾಸ್ಟನ್ ತಂಡ ನ್ಯೂಯಾರ್ಕಿಗೇ ಬಂದು ಐದಕ್ಕೆ ಐದೂ ಆಟ ಗೆದ್ದಿತು. ಗೆರಿಗ್ ಭಾಷಣವಾಗಿ ಐದೇ ದಿನ. ಮನಸ್ಸು ಸೋತಿತ್ತೋ, ಬಾಸ್ಟನ್ ಚೆನ್ನಾಗಿ ಆಡಿತೋ, ನಾನು ತೀರ್ಪು ಕೊಡುವುದಿಲ್ಲ. ಬಾಸ್ಟನ್‌ನಲ್ಲಿ ಆ ವರ್ಷ ಟೆಡ್ ವಿಲಿಯಮ್ಸ್ ಎಂಬ 20ರ ಹುಡುಗ ಹೊಸದಾಗಿ ಬಂದಿದ್ದ.

ಡಿಮ್ಯಾಜಿಯೊ .400 ಮುಟ್ಟಬಹುದಿತ್ತಾ?

ಮುಟ್ಟಬಹುದಿತ್ತು. ಏಪ್ರಿಲ್ ಕೊನೆಯಲ್ಲಿ ಕಾಲಿಗೆ ಪೆಟ್ಟಾಗಿ ಒಂದು ತಿಂಗಳ ಮೇಲೆ ಆಡಲಿಲ್ಲ. ಅಂದರೆ ಗೆರಿಗ್ ಕುಳಿತ ದಿನ ಡಿಮ್ಯಾಜಿಯೊ ಕೂಡ ಇರಲಿಲ್ಲ. ವಾಪಸ್ ಬಂದ ಮೇಲೆ ಹಿಡಿಯುವವರೇ ಇರಲಿಲ್ಲ. ಸೆಪ್ಟೆಂಬರ್ ಮೊದಲ ವಾರದಲ್ಲೂ ಸರಾಸರಿ .400ರ ಮೇಲಿತ್ತು. ಆಮೇಲೆ ಕಣ್ಣಿಗೆ ಸೋಂಕು ತಗುಲಿತು, ಚೆಂಡು ಸರಿಯಾಗಿ ಕಾಣುತ್ತಿರಲಿಲ್ಲ. ಆದರೂ ಮೆಕಾರ್ಥಿ ಆಡಿಸುತ್ತಲೇ ಇದ್ದರು. .381ಕ್ಕೆ ಮುಗಿಯಿತು. ಅದರಲ್ಲೇ ಲೀಗಿಗೆ ಮೊದಲು, ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿಯೂ ಬಂತು. ಲೀಗ್ ಆಗಲೇ ಕೈಯಲ್ಲಿತ್ತು. ನಾಲ್ಕು ದಿನ ವಿಶ್ರಾಂತಿ ಕೊಡಬಹುದಿತ್ತು ಅನ್ನುವುದೇ ನನ್ನ ಅಭಿಪ್ರಾಯ.

ಆ ತಂಡದಲ್ಲಿ ಕಪ್ಪು ಆಟಗಾರರು ಇದ್ದರಾ?

ಇಲ್ಲ. ದೊಡ್ಡ ಲೀಗಿನ ಯಾವ ತಂಡದಲ್ಲೂ ಇರಲಿಲ್ಲ. ಬರೆದಿಟ್ಟ ನಿಯಮ ಬೇಕಾಗಿರಲಿಲ್ಲ, ಮಾಲೀಕರೆಲ್ಲ ಸೇರಿ ಬಾಗಿಲು ಮುಚ್ಚಿದ್ದರು. ಜಾಶ್ ಗಿಬ್ಸನ್, ಸ್ಯಾಚೆಲ್ ಪೇಜ್ ಅಂಥ ದಿಗ್ಗಜರು ನೀಗ್ರೊ ಲೀಗ್‌ಗಳಲ್ಲಿ ಆಡುತ್ತಿದ್ದರು. ಯಾಂಕೀಸ್ ಊರಲ್ಲಿಲ್ಲದ ದಿನ ಅದೇ ಯಾಂಕೀ ಸ್ಟೇಡಿಯಂ ಬಾಡಿಗೆಗೆ ತೆಗೆದುಕೊಂಡು ಆಡುತ್ತಿದ್ದದ್ದೂ ಉಂಟು. ಅದೇ ಮೈದಾನ, ಬಾಡಿಗೆ ಬೇಕು, ಆಟಗಾರರು ಬೇಡ.

ಈ ತಂಡದ ಜೇಕ್ ಪೊವೆಲ್ 1938ರಲ್ಲಿ ರೇಡಿಯೊ ಸಂದರ್ಶನದಲ್ಲಿ ಕಪ್ಪು ಜನರ ಬಗ್ಗೆ ಕೀಳಾಗಿ ಮಾತಾಡಿ 10 ದಿನ ಅಮಾನತಾಗಿದ್ದರು. 1947ರಲ್ಲಿ ಜಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡದಲ್ಲಿ ಆ ಬಾಗಿಲು ತೆರೆದರು. ಯಾಂಕೀಸ್ ಮೊದಲ ಕಪ್ಪು ಆಟಗಾರ ಎಲ್ಸ್ಟನ್ ಹವರ್ಡ್ ಅವರನ್ನು ಆಡಿಸಿದ್ದು 1955ರಲ್ಲಿ. ಅತಿ ದೊಡ್ಡ ತಂಡ ಎಂದು ಹೊಗಳುವಾಗ ಇದನ್ನು ಬಿಟ್ಟು ಹೇಳುವುದು ಸರಿಯಲ್ಲ. ಅವರು ಗೆದ್ದದ್ದು ದೇಶದ ಎಷ್ಟೋ ಪ್ರತಿಭೆಯನ್ನು ಹೊರಗಿಟ್ಟ ಲೀಗಿನಲ್ಲಿ.

ಜನ ಆಟವನ್ನು ಹೇಗೆ ಹಿಂಬಾಲಿಸುತ್ತಿದ್ದರು?

ಮೈದಾನಕ್ಕೆ ಹೋಗಿ, ಇಲ್ಲವೇ ಪತ್ರಿಕೆ ಓದಿ. ಟಿಕೆಟ್ ಮಾರಾಟ ಕಡಿಮೆಯಾಗುತ್ತದೆ ಎಂಬ ಭಯದಿಂದ ನ್ಯೂಯಾರ್ಕಿನ ಮೂರೂ ತಂಡಗಳು ಅಷ್ಟು ವರ್ಷ ರೇಡಿಯೊವನ್ನು ದೂರ ಇಟ್ಟಿದ್ದವು. 1939ರಲ್ಲಿ ಮನೆಯಂಗಳದ ಆಟಗಳ ಕಾಮೆಂಟರಿ ಶುರುವಾಯಿತು. ಆಗಸ್ಟ್ 26ರಂದು ದೊಡ್ಡ ಲೀಗಿನ ಆಟ ಮೊದಲ ಸಲ ಟಿವಿಯಲ್ಲಿ ಬಂತು, ಅದು ಬ್ರೂಕ್ಲಿನ್ ಮತ್ತು ಸಿನ್ಸಿನಾಟಿ ನಡುವಿನದು.

ವರ್ಲ್ಡ್ ಸೀರೀಸ್ ಹೇಗೆ ಮುಗಿಯಿತು?

ಎದುರಾಳಿ ಸಿನ್ಸಿನಾಟಿ ರೆಡ್ಸ್. ಯಾಂಕೀಸ್ ನಾಲ್ಕಕ್ಕೆ ನಾಲ್ಕೂ ಗೆದ್ದಿತು: 2-1, 4-0, 7-3, 7-4. ಎರಡನೇ ಆಟದಲ್ಲಿ ಮಾಂಟಿ ಪಿಯರ್ಸನ್ ಎಂಟನೇ ಇನಿಂಗ್ಸ್‌ವರೆಗೆ ಒಂದೂ ಹಿಟ್ ಬಿಟ್ಟುಕೊಡಲಿಲ್ಲ. ಕೆಲ್ಲರ್ ಸರಣಿಯಲ್ಲಿ 3 ಹೋಮ್ ರನ್ ಹೊಡೆದರು.

ಕೊನೆಯ ಆಟ 4-4 ಆಗಿ ಹತ್ತನೇ ಇನಿಂಗ್ಸ್‌ಗೆ ಹೋಯಿತು. ಡಿಮ್ಯಾಜಿಯೊ ಹಿಟ್ ಹೊಡೆದರು. ಓಡಿ ಬಂದ ಕೆಲ್ಲರ್ ಸಿನ್ಸಿನಾಟಿಯ ಕ್ಯಾಚರ್ ಎರ್ನಿ ಲೊಂಬಾರ್ಡಿಗೆ ಜೋರಾಗಿ ತಗುಲಿದರು. ಲೊಂಬಾರ್ಡಿ ತಲೆ ಸುತ್ತಿ ನೆಲದ ಮೇಲೆ ಬಿದ್ದಿದ್ದರು, ಚೆಂಡು ಪಕ್ಕದಲ್ಲೇ ಇತ್ತು. ಅಷ್ಟರಲ್ಲಿ ಡಿಮ್ಯಾಜಿಯೊ ಕೂಡ ಸುತ್ತಿ ಬಂದು ರನ್ ಗಳಿಸಿದರು. ಪತ್ರಿಕೆಗಳು ಲೊಂಬಾರ್ಡಿ ನಿದ್ದೆ ಮಾಡಿದರು ಎಂದು ಲೇವಡಿ ಮಾಡಿದವು. ಪೆಟ್ಟು ತಿಂದು ಬಿದ್ದವರಿಗೆ ಈ ಹೆಸರು! ಗೆಲುವಿನ ರನ್ ಅದಕ್ಕೆ ಮೊದಲೇ ಬಂದಿತ್ತು. ಆ ಅಪವಾದ ಅವರನ್ನು ಬದುಕಿಡೀ ಬಿಡಲಿಲ್ಲ.

ಗೆರಿಗ್ ಎಲ್ಲ ಆಟದಲ್ಲೂ ಸಮವಸ್ತ್ರ ತೊಟ್ಟು ಬೆಂಚಿನಲ್ಲಿದ್ದರು. ಸೀಸನ್ ಪೂರ್ತಿ ನಾಯಕನಾಗಿಯೇ ತಂಡದ ಜೊತೆ ರೈಲಿನಲ್ಲಿ ಓಡಾಡಿದ್ದರು. ಸತತ ನಾಲ್ಕು ವರ್ಷ ಚಾಂಪಿಯನ್ ಆದ ಮೊದಲ ತಂಡ ಇದು.

1927ರ ಯಾಂಕೀಸ್‌ಗಿಂತ ಇದು ದೊಡ್ಡ ತಂಡವೇ?

ಹೌದು ಅಂತ ನನ್ನ ನಂಬಿಕೆ. 1927ರವರು 110 ಗೆದ್ದರು, ರೂತ್ 60 ಹೋಮ್ ರನ್ ಹೊಡೆದರು, ಹೆಸರು ಅವರಿಗೇ ಜಾಸ್ತಿ. ಆದರೆ ರನ್ ಅಂತರದಲ್ಲಿ 1939ರವರು ಮುಂದೆ. ಫೀಲ್ಡಿಂಗ್‌ನಲ್ಲೂ ಮುಂದೆ. ಅದಕ್ಕಿಂತ ಹೆಚ್ಚಾಗಿ, 1927ರ ತಂಡದಲ್ಲಿ ರೂತ್ ಜೊತೆ ಗೆರಿಗ್ ಇದ್ದರು. ಇವರು ಗೆರಿಗ್ ಅವರನ್ನು ಬೆಂಚಿನ ಮೇಲೆ ನೋಡುತ್ತಾ ಗೆದ್ದರು.

ಆಮೇಲೆ ಗೆರಿಗ್ ಏನಾದರು?

1939ರ ಡಿಸೆಂಬರ್‌ನಲ್ಲಿ ಅವರನ್ನು ಹಾಲ್ ಆಫ್ ಫೇಮ್‌ಗೆ, ಅಂದರೆ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಗೆ ಆರಿಸಿದರು, ಕಾಯುವ ಅವಧಿಯನ್ನು ಬದಿಗಿಟ್ಟು. ಅವರ 4ನೇ ನಂಬರಿನ ಅಂಗಿಯನ್ನು ಇನ್ನಾರಿಗೂ ಕೊಡಬಾರದು ಎಂದು ತಂಡ ತೀರ್ಮಾನಿಸಿತು. ದೊಡ್ಡ ಲೀಗಿನಲ್ಲಿ ಆ ಗೌರವ ಪಡೆದ ಮೊದಲಿಗರು ಅವರೇ. ನ್ಯೂಯಾರ್ಕ್ ಮೇಯರ್ ಲಾ ಗಾರ್ಡಿಯಾ ಕೈದಿಗಳ ಪೆರೋಲ್ ಮಂಡಳಿಯಲ್ಲಿ ಕೆಲಸ ಕೊಟ್ಟರು. ಕೈಲಾಗುವವರೆಗೂ ಕಚೇರಿಗೆ ಹೋದರು. 1941ರ ಜೂನ್ 2ರಂದು ತೀರಿಕೊಂಡರು. 37 ವರ್ಷ. 16 ವರ್ಷದ ಹಿಂದೆ ಅದೇ ಜೂನ್ 2ರಂದು ವಾಲಿ ಪಿಪ್ ಜಾಗದಲ್ಲಿ ನಿಂತಿದ್ದರು. ಅವರ 2,130ರ ದಾಖಲೆಯನ್ನು ಬಾಲ್ಟಿಮೋರ್‌ನ ಕ್ಯಾಲ್ ರಿಪ್ಕೆನ್ ಮುರಿದದ್ದು 1995ರಲ್ಲಿ.

ಆ ಸೀಸನ್ನಿನ ಏನಾದರೂ ಈಗ ನೋಡಲು ಸಿಗುತ್ತದಾ?

ಹಳೆಯ ಯಾಂಕೀ ಸ್ಟೇಡಿಯಂ ಈಗಿಲ್ಲ, ಆ ಜಾಗದಲ್ಲಿ ಮಕ್ಕಳು ಆಡುವ ಮೈದಾನಗಳಿವೆ. ಗೆರಿಗ್ ಸ್ಮಾರಕ ರಸ್ತೆಯಾಚೆಯ ಹೊಸ ಸ್ಟೇಡಿಯಂನಲ್ಲಿದೆ. ಜುಲೈ 4ರ ಭಾಷಣದ ಪೂರ್ತಿ ಫಿಲ್ಮ್ ಉಳಿದಿಲ್ಲ, ಕೆಲವೇ ವಾಕ್ಯ ಉಳಿದಿವೆ. ಅಷ್ಟನ್ನಾದರೂ ನೋಡಿ. ಮಾತು ಶುರುವಾಗುವ ಮೊದಲು ಅವರು ಟೋಪಿ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ನಿಂತಿರುತ್ತಾರೆ. ಪ್ಯಾಂಟ್ ದೊಗಲೆಯಾಗಿ, ಬಿಗಿ ಮಾಡಿದ ಬೆಲ್ಟಿನಡಿ ನೆರಿಗೆ ನೆರಿಗೆಯಾಗಿದೆ.